ಮೇಷ್ಟ್ರು ಬರೆದ ಒಂದು ಪುಟದ ವಿಲ್: ಒಂದು ಪ್ರಕರಣ ಅಧ್ಯಯನ

"ನನ್ನ ನಂತರ ತೋಟ ದೊಡ್ಡ ಮಗನಿಗೆ. ಟೌನಿನ ಮನೆಯಲ್ಲಿ ಮೇಲಿನ ಭಾಗ ದೊಡ್ಡವನಿಗೆ, ಕೆಳಗಿನ ಭಾಗ ಚಿಕ್ಕವನಿಗೆ. ನನ್ನ ಹೆಂಡತಿ ಇರುವ ತನಕ ಮನೆಯನ್ನು ಅನುಭವಿಸಿಕೊಂಡು ಹೋಗತಕ್ಕದ್ದು. ಬ್ಯಾಂಕಿನಲ್ಲಿರುವ ಹಣ ಅವಳಿಗೆ. ಮಗಳಿಗೆ ಮದುವೆಯಲ್ಲಿ ಕೊಡಬೇಕಾದ್ದೆಲ್ಲ ಕೊಟ್ಟಾಗಿದೆ. ಆದ್ದರಿಂದ ಅವಳಿಗೆ ಬೇರೆ ಏನೂ ಇಲ್ಲ."

ಈ ವಿಲ್‌ನ ಸಾರ ಇಷ್ಟೇ. ಒಂದು ಫುಲ್‌ಸ್ಕೇಪ್ ಹಾಳೆ, ಮುತ್ತಿನಂಥ ಅಕ್ಷರ, ಕೆಳಗೆ ಸಹಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳು. ಬರೆದವರು ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೆಯೋಣ. ಬರೆದದ್ದು 2016ರಲ್ಲಿ. ತೀರಿಕೊಂಡದ್ದು 2021ರಲ್ಲಿ. ಆಮೇಲೆ ಈ ಒಂದು ಹಾಳೆ ಮನೆಮಂದಿಯನ್ನೆಲ್ಲ ಸಿವಿಲ್ ಕೋರ್ಟಿನ ಜಗಲಿಗೆ ತಂದು ಕೂರಿಸಿತು.

ಮೇಷ್ಟ್ರು ವಕೀಲರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳಿದರೆ ಉತ್ತರ ಸುಲಭ. ಊರಿನವರ ಅರ್ಜಿ, ಕರಾರು ಪತ್ರ, ಸಂಘದ ನಡಾವಳಿ ಎಲ್ಲ ಬರೆದುಕೊಡುತ್ತಿದ್ದವರೇ ಅವರು. ತಮ್ಮದೊಂದು ವಿಲ್ ಬರೆಯುವುದಕ್ಕೆ ಇನ್ನೊಬ್ಬರು ಯಾಕೆ? "ವಕೀಲರ ಹತ್ರ ಹೋದ್ರೆ ಇಲ್ಲದ ತಕರಾರು ಎಬ್ಬಿಸ್ತಾರೆ" ಅನ್ನುವ ಮಾತು ಬೇರೆ. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ?

ಕಾನೂನಿನ ಹೊರ ರೂಪ ನೋಡಿದರೆ ಮೇಷ್ಟ್ರು ಮಾಡಿದ್ದರಲ್ಲಿ ದೊಡ್ಡ ತಪ್ಪೇನೂ ಕಾಣುವುದಿಲ್ಲ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ. ಕೈಬರಹದಲ್ಲಿ ಇರಬಹುದು, ಕನ್ನಡದಲ್ಲಿ ಇರಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಮುಖ್ಯವಾಗಿ ಮೂರು. ಬರೆದವರ ಸಹಿ ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿ ಹಾಕುವುದನ್ನು ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಅವರ ಬಾಯಿಂದ ಕೇಳಿರಬೇಕು. ಸಾಕ್ಷಿಗಳು ಅವರ ಎದುರಿಗೇ ಸಹಿ ಮಾಡಿರಬೇಕು. ಹಾಳೆಯಲ್ಲಿ ಈ ಎಲ್ಲ ಸಹಿಗಳೂ ಇದ್ದವು.

ಎಡವಟ್ಟು ಇದ್ದದ್ದು ಬರವಣಿಗೆಗೂ ಮುಂಚೆ. ಕೊಡುತ್ತಿರುವುದು ತಮ್ಮದೇ ಹೌದಾ ಅಂತ ಮೇಷ್ಟ್ರು ಕೇಳಿಕೊಂಡಿರಲಿಲ್ಲ.

ತೋಟ ಯಾರದ್ದು?

ತೋಟ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ನೂರು ಗುಂಟೆ. ತೆಂಗು, ನಡುವೆ ಒಂದಿಷ್ಟು ಅಡಿಕೆ. ಪಹಣಿಯಲ್ಲಿ ಮೇಷ್ಟ್ರ ಹೆಸರೊಂದೇ ಇತ್ತು. ಹಾಗಾಗಿ ಅದು ಪೂರ್ತಿ ತಮ್ಮದು ಅಂತ ಅವರು ನಂಬಿದ್ದರು. ಆದರೆ ಅದು ಅವರ ಕೈಗೆ ಬಂದದ್ದು 1985ರಲ್ಲಿ, ಅಣ್ಣತಮ್ಮಂದಿರ ವಿಭಾಗ ಪತ್ರದ ಮೂಲಕ. ಅದಕ್ಕೂ ಹಿಂದೆ ಅದು ತಾತನ ಕಾಲದ ಆಸ್ತಿ. ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದು ಬೇರೆ, ಆಸ್ತಿ ಯಾವ ಬಗೆಯದು ಅನ್ನುವುದು ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಅಣ್ಣತಮ್ಮಂದಿರ ನಡುವೆ ಭಾಗವಾದ ಮಾತ್ರಕ್ಕೆ ಮೇಷ್ಟ್ರಿಗೂ ಅವರ ಮಕ್ಕಳಿಗೂ ನಡುವೆ ಭಾಗವಾದಂತಲ್ಲ.

ಮಕ್ಕಳು ಅಂದರೆ ಗಂಡುಮಕ್ಕಳು ಮಾತ್ರ ಅನ್ನುವ ಕಾಲ ಹೋಗಿ ಬಹಳ ದಿನವಾಯಿತು. ಕರ್ನಾಟಕವೇ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ತೆಗೆಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲಕ್ಕೂ ತೆರೆ ಎಳೆಯಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಲಿ ಬಿಡಲಿ. ಮದುವೆಗೆ ಎಷ್ಟು ಖರ್ಚಾಯಿತು ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಈಗ ಗುಂಟೆ ಲೆಕ್ಕ ಹಾಕಿ. ಮೇಷ್ಟ್ರು, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಸರಳವಾಗಿ ಹೇಳಿದರೆ ನಾಲ್ಕು ಪಾಲು, ತಲಾ ಇಪ್ಪತ್ತೈದು ಗುಂಟೆ. ಇದರಲ್ಲಿ ಮೇಷ್ಟ್ರು ವಿಲ್ ಬರೆಯಬಹುದಾದದ್ದು ತಮ್ಮ ಇಪ್ಪತ್ತೈದು ಗುಂಟೆಗೆ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನ್ ಅವರಿಗೆ ಅಷ್ಟು ಸ್ವಾತಂತ್ರ್ಯ ಕೊಡುತ್ತದೆ. ಅವರು ನೂರು ಗುಂಟೆ ಕೊಟ್ಟುಬಿಟ್ಟಿದ್ದರು! ಹೆಂಡತಿಗೆ ಇದರಲ್ಲಿ ಪ್ರತ್ಯೇಕ ಪಾಲು ಬರುತ್ತದೋ ಇಲ್ಲವೋ ಅನ್ನುವುದು ಇನ್ನೊಂದು ಜಿಗುಟು ಪ್ರಶ್ನೆ. ಹಳೇ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂದಿತ್ತು. ಅದನ್ನು ಹಿಡಿದು ವಕೀಲರು ಇವತ್ತಿಗೂ ವಾದ ಮಾಡುತ್ತಾರೆ.

ಮಗಳು ಹಾಸನದಲ್ಲಿದ್ದಾಳೆ. ಜಗಳಗಂಟಿಯಲ್ಲ. ವಿಲ್‌ನಲ್ಲಿ ತನಗೆ ಏನೂ ಇಲ್ಲದ್ದಕ್ಕಿಂತ "ಕೊಡಬೇಕಾದ್ದೆಲ್ಲ ಕೊಟ್ಟಾಗಿದೆ" ಅನ್ನುವ ಸಾಲು ಅವಳಿಗೆ ಜಾಸ್ತಿ ಚುಚ್ಚಿತು. ಅಪ್ಪ ತೀರಿಕೊಂಡ ಕೆಲವೇ ತಿಂಗಳಲ್ಲಿ ಅಣ್ಣ ಪಾಲು ಬಿಟ್ಟುಕೊಡುವ ಒಂದು ಹಕ್ಕು ಖುಲಾಸೆ ಪತ್ರ ತಂದು "ಸುಮ್ನೆ ಒಂದು ಸೈನ್ ಹಾಕಮ್ಮ, ಖಾತೆಗೆ ಕೇಳ್ತಾರೆ" ಅಂದ. ಸುಮ್ನೆ ಕೇಳುವುದಾದರೆ ಅದು ಬೇಕಾದರೂ ಯಾಕೆ ಅಂತ ಅವಳ ಗಂಡ ಕೇಳಿದರು. ಶುರುವಾದದ್ದು ಅಲ್ಲಿಂದ. ಕೊನೆಗೆ ಮಗಳು ದಾವೆ ಹೂಡಿದಳು.

ಮನೆ, ಮೆಟ್ಟಿಲು, ಎರಡು ಬಣ್ಣದ ಇಂಕು

ಟೌನಿನ ಮನೆಯ ವಿಷಯದಲ್ಲಿ ಮೇಷ್ಟ್ರಿಗೆ ಪೂರ್ತಿ ಅಧಿಕಾರ ಇತ್ತು. ಸೈಟು ತಗೊಂಡದ್ದು, ಕಟ್ಟಿಸಿದ್ದು ಎರಡೂ ಸಂಬಳದಲ್ಲಿ, ಬ್ಯಾಂಕ್ ಸಾಲದಲ್ಲಿ. ಸ್ವಯಾರ್ಜಿತ. ಆದರೆ ಆ ಮಾತು ವಿಲ್‌ನಲ್ಲಿ ಎಲ್ಲೂ ಇಲ್ಲ. ಮಗಳ ಪರ ವಕೀಲರು ಹಿಡಿದದ್ದು ಅದನ್ನೇ. ತೋಟದ ಆದಾಯ ಸೇರಿಸಿ ಮನೆ ಕಟ್ಟಿದ್ದಾರೆ, ಹಾಗಾಗಿ ಇದೂ ಒಟ್ಟು ಕುಟುಂಬದ್ದು ಅಂತ ವಾದ ಹೂಡಿದರು. ಸಾಲದ ಕಾಗದ ಹುಡುಕುವುದಕ್ಕೆ ದೊಡ್ಡ ಮಗ ಅಟ್ಟದ ಮೇಲಿನ ಟ್ರಂಕುಗಳನ್ನೆಲ್ಲ ಇಳಿಸಬೇಕಾಯಿತು. ಸಿಕ್ಕಿತು, ಪುಣ್ಯ. "ನನ್ನ ಸಂಬಳದಿಂದ, ಇಂಥ ಸಾಲದಿಂದ ಕಟ್ಟಿಸಿದ ಮನೆ" ಅನ್ನುವ ಎರಡು ಸಾಲು, ಜೊತೆಗೆ ಸಾಲ ತೀರಿದ ಪತ್ರದ ಒಂದು ಪ್ರತಿ ಇದ್ದಿದ್ದರೆ ಈ ವಾದ ಏಳುವ ಮುಂಚೆಯೇ ಕೂತುಬಿಡುತ್ತಿತ್ತು.

ಆಮೇಲೆ ಮೇಲಿನ ಭಾಗ, ಕೆಳಗಿನ ಭಾಗ. ಚಕ್ಕುಬಂದಿ, ಅಂದರೆ ಎಲ್ಲೆಯ ವಿವರ, ಇಲ್ಲ. ಮೆಟ್ಟಿಲು ಯಾರದ್ದು? ತಾರಸಿ ಯಾರದ್ದು? ಬೋರ್‌ವೆಲ್, ಗೇಟು, ಹಿಂದಿನ ಖಾಲಿ ಜಾಗ? ಒಂದು ಪದವೂ ಇಲ್ಲ. ಅಪ್ಪ ಇರುವಾಗ ಯಾರಿಗೂ ಈ ಪ್ರಶ್ನೆ ಹುಟ್ಟಿರಲಿಲ್ಲ.

ಹಾಳೆಯನ್ನು ಬೆಳಕಿಗೆ ಹಿಡಿದಾಗ ಇನ್ನೊಂದು ವಿಷಯ ಕಂಡಿತು. "ಮೇಲಿನ" ಅನ್ನುವ ಪದದ ಕೆಳಗೆ "ಕೆಳಗಿನ" ಅಂತ ಹೊಡೆದುಹಾಕಿದೆ. "ಕೆಳಗಿನ" ಅನ್ನುವುದರ ಕೆಳಗೆ "ಮೇಲಿನ" ಇದೆ. ಮೂಲ ಬರಹ ನೀಲಿ ಇಂಕು, ತಿದ್ದಿದ್ದು ಕಪ್ಪು ಇಂಕು. ಅಂದರೆ ಮೇಷ್ಟ್ರು ಮೊದಲು ಕೆಳಗಿನ ಮನೆಯನ್ನು ದೊಡ್ಡವನಿಗೆ ಬರೆದಿದ್ದರು, ಆಮೇಲೆ ಅದಲುಬದಲು ಮಾಡಿದ್ದರು. ಮಂಡಿನೋವಿನ ಅಮ್ಮ ಕೆಳಗೆ ಇರುತ್ತಾರೆ, ಚಿಕ್ಕವನು ಹೇಗೂ ಊರಲ್ಲಿಲ್ಲ, ಹಾಗಾಗಿ ಕೆಳಗಿನದು ಅವನ ಹೆಸರಿಗಿದ್ದರೆ ಅಮ್ಮನಿಗೆ ತೊಂದರೆಯಿಲ್ಲ ಅನ್ನುವ ಯೋಚನೆ ಇದ್ದಿರಬೇಕು. ಯೋಚನೆ ಚೆನ್ನಾಗಿದೆ. ಆದರೆ ತಿದ್ದಿದ ಕಡೆ ಅವರ ಸಹಿಯಿಲ್ಲ, ಸಾಕ್ಷಿಗಳ ಸಹಿಯೂ ಇಲ್ಲ. ವಿಲ್ ಆದ ಮೇಲೆ ಮಾಡಿದ ತಿದ್ದುಪಡಿಗೂ ವಿಲ್‌ನಷ್ಟೇ ಶಾಸ್ತ್ರ ಬೇಕು ಅನ್ನುತ್ತದೆ 1925ರ ಕಾಯ್ದೆಯ 71ನೇ ಸೆಕ್ಷನ್. ಇಲ್ಲದಿದ್ದರೆ, ಹಳೆಯ ಪದ ಓದಲು ಬರುವಂತಿದ್ದರೆ, ಅದೇ ನಿಲ್ಲುತ್ತದೆ. ಹೊಡೆದುಹಾಕಿದ ಪದ ಚೆನ್ನಾಗಿಯೇ ಓದಲು ಬರುತ್ತಿತ್ತು. ಮೇಷ್ಟ್ರ ಕೈ ಅಷ್ಟು ಹಗುರ.

"ಅನುಭವಿಸಿಕೊಂಡು ಹೋಗತಕ್ಕದ್ದು" ಅನ್ನುವುದೂ ಒಂದು ಬಲೆಯೇ. ಅಮ್ಮನಿಗೆ ಬದುಕಿರುವ ತನಕ ವಾಸದ ಹಕ್ಕು ಮಾತ್ರವೋ, ಬಾಡಿಗೆ ಎತ್ತುವ ಹಕ್ಕೂ ಇದೆಯೋ? ಹೆಂಡತಿಯ ಜೀವನಾಂಶಕ್ಕೆ ಬದಲಾಗಿ ಕೊಟ್ಟ ಸೀಮಿತ ಹಕ್ಕು ಪೂರ್ತಿ ಒಡೆತನವಾಗಿ ಬೆಳೆಯಬಹುದು ಅಂತ 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದರೆ ಮನೆ ಅಮ್ಮನದ್ದೇ ಆಗಿಬಿಡುತ್ತಾ? ಪೂರ್ತಿ ಅವರದ್ದು ಅಂತಾದರೆ ಮಕ್ಕಳ ಹೆಸರು ಬರೆದ ಸಾಲಿಗೆ ಬೆಲೆ ಏನು? ಒಂದು ವಾಕ್ಯಕ್ಕೆ ಮೂರು ವಕೀಲರು ಮೂರು ಅರ್ಥ ಹೇಳಿದರು. ಮೂವರೂ ಶುಲ್ಕ ತಗೊಂಡರು.

ಸಾಕ್ಷಿಗಳು

ಸಾಕ್ಷಿಗಳಲ್ಲಿ ಒಬ್ಬರು ಪಕ್ಕದ ಮನೆಯ ಹಿರಿಯರು, ಮೇಷ್ಟ್ರಿಗಿಂತ ವಯಸ್ಸಿನಲ್ಲಿ ದೊಡ್ಡವರು. ಅವರು ಮೇಷ್ಟ್ರಿಗಿಂತ ಮುಂಚೆಯೇ ಹೋದರು. ಇನ್ನೊಬ್ಬಳು ದೊಡ್ಡ ಸೊಸೆ. ವಿಲ್‌ನಿಂದ ಅತಿ ಹೆಚ್ಚು ಲಾಭ ಆಗುವವನ ಹೆಂಡತಿ!

ಇಂಟರ್‌ನೆಟ್‌ನಲ್ಲಿ ಹುಡುಕಿದರೆ "ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ-ಹೆಂಡತಿಗೆ ಬರೆದದ್ದು ರದ್ದು" ಅಂತ ಕಾಣಿಸುತ್ತದೆ. ಚಿಕ್ಕ ಮಗ ಅಮೆರಿಕದಿಂದ ಅದರ ಸ್ಕ್ರೀನ್‌ಶಾಟ್ ಕಳಿಸಿದ. ಆ ನಿಯಮ ಇರುವುದು ನಿಜ, 1925ರ ಕಾಯ್ದೆಯ 67ನೇ ಸೆಕ್ಷನ್. ಆದರೆ ಹಿಂದೂಗಳ ವಿಲ್‌ಗೆ ಯಾವ ಯಾವ ಸೆಕ್ಷನ್ ಅನ್ವಯಿಸುತ್ತದೆ ಅಂತ ಅದೇ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಪಟ್ಟಿ ಇದೆ. ಆ ಪಟ್ಟಿಯಲ್ಲಿ 67 ಇಲ್ಲ. ಮೇಷ್ಟ್ರು ಕ್ರೈಸ್ತರಾಗಿದ್ದರೆ ಮಗನಿಗೆ ಬರೆದದ್ದು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಮುಸ್ಲಿಮರಾಗಿದ್ದರೆ ಲೆಕ್ಕವೇ ಬೇರೆ, ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಬರೆಯುವಂತಿಲ್ಲ. ಗೂಗಲ್ ಮೇಷ್ಟ್ರ ಜಾತಿ-ಧರ್ಮ ಕೇಳುವುದಿಲ್ಲ, ವಕೀಲರು ಕೇಳುತ್ತಾರೆ.

ಹಾಗಂತ ಸೊಸೆಯ ಸಹಿಯಿಂದ ತೊಂದರೆ ಆಗಲಿಲ್ಲ ಅಂತಲ್ಲ. ವಿಲ್ ನೋಂದಣಿ ಆಗಿರಲಿ ಬಿಡಲಿ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಇಲ್ಲಿ ಉಳಿದಿದ್ದವಳು ಅವಳೊಬ್ಬಳೇ. "ಎಲ್ಲರೂ ಅವತ್ತೇ, ನಮ್ಮ ಹಾಲ್‌ನಲ್ಲೇ ಸಹಿ ಹಾಕಿದರು" ಅಂದಳು. ಪಾಟೀಸವಾಲಿನಲ್ಲಿ ಎದುರು ವಕೀಲರು ಪಕ್ಕದ ಮನೆಯವರ ಆಸ್ಪತ್ರೆ ಚೀಟಿ ತೆಗೆದರು. ವಿಲ್‌ನಲ್ಲಿರುವ ತಾರೀಖಿನಂದು ಆ ಹಿರಿಯರು ಮೈಸೂರಿನಲ್ಲಿ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಮಗನ ಮನೆಯಲ್ಲಿದ್ದರು.

ಬಹುಶಃ ನಡೆದದ್ದು ಇಷ್ಟೇ. ಹಿರಿಯರು ವಾಪಸ್ ಬಂದ ಮೇಲೆ ಮೇಷ್ಟ್ರು ಹಾಳೆ ಹಿಡಿದು ಅವರ ಮನೆಗೆ ಹೋಗಿ, "ಇದು ನನ್ನ ಸಹಿ, ನೀವೂ ಒಂದು ಹಾಕಿ" ಅಂದಿರಬೇಕು. ಕಾನೂನಿನಲ್ಲಿ ಇದು ನಡೆಯುತ್ತದೆ, ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ಆದರೆ ಹಾಗೆ ನಡೆಯಿತು ಅಂತ ಹೇಳುವವರು ಯಾರೂ ಉಳಿದಿರಲಿಲ್ಲ, ಸಹಿಯ ಪಕ್ಕ ತಾರೀಖೂ ಇರಲಿಲ್ಲ. ಸೊಸೆ ಸುಳ್ಳು ಹೇಳಿದಳು ಅಂತ ನನಗೆ ಅನ್ನಿಸುವುದಿಲ್ಲ. ಐದಾರು ವರ್ಷದ ಹಿಂದಿನ ಒಂದು ಸಂಜೆಯನ್ನು ಯಾರು ತಾನೆ ಕರಾರುವಾಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ?

ವಿಲ್ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಇವತ್ತಿಗೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರಿನ ಕಡೆಯಿಂದಲೇ ಹೋದದ್ದು. 1959ರ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ವಿಲ್ ಸುತ್ತ ಅನುಮಾನ ಬರುವ ಸಂಗತಿಗಳಿದ್ದರೆ ಅದನ್ನು ನಿವಾರಿಸುವ ಹೊಣೆ ವಿಲ್ ಮುಂದಿಟ್ಟವರದ್ದೇ. ಲಾಭ ಪಡೆಯುವವರೇ ವಿಲ್ ಮಾಡಿಸುವುದರಲ್ಲಿ ಮುಂದೆ ನಿಂತಿದ್ದರೆ ಅದೂ ಅಂಥ ಒಂದು ಸಂಗತಿ. ಸೊಸೆಯ ಸಹಿ ಬಂದು ಕೂತದ್ದು ಈ ಜಾಗದಲ್ಲಿ.

ಬ್ಯಾಂಕಿನ ಹಣ

ಇದನ್ನು ಬೇಗ ಮುಗಿಸುತ್ತೇನೆ. ವಿಲ್‌ನಲ್ಲಿ ಹಣ ಹೆಂಡತಿಗೆ. ಎಫ್‌ಡಿಗಳಿಗೆ ನಾಮಿನಿ ದೊಡ್ಡ ಮಗ. ಬ್ಯಾಂಕು ನಾಮಿನಿಗೆ ಕೊಟ್ಟು ಕೈ ತೊಳೆದುಕೊಂಡಿತು, ಅದರ ಕೆಲಸ ಅಷ್ಟೇ. ನಾಮಿನಿ ಅಂದರೆ ಹಣ ಈಸಿಕೊಳ್ಳುವವನೇ ಹೊರತು ಒಡೆಯನಲ್ಲ. ಷೇರುಗಳ ವಿಷಯದಲ್ಲೂ ಇದೇ ಮಾತು ಅಂತ ಶಕ್ತಿ ಯಜದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿತು. ಮಗ ಹಣವನ್ನು ಅಮ್ಮನ ಖಾತೆಗೆ ಹಾಕಿದ, ಆದರೆ ಆಸ್ಪತ್ರೆ ಖರ್ಚು, ತಿಥಿ ಖರ್ಚು ಅಂತ ಒಂದಿಷ್ಟು ಹಿಡಿದುಕೊಂಡು. ಆ ಲೆಕ್ಕ ಇವತ್ತಿಗೂ ಮನೆಯಲ್ಲಿ ಯಾರೂ ಎತ್ತುವುದಿಲ್ಲ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ಬ್ಯಾಂಕಿನ ಫಾರಂ ಒಂದು ಹೇಳಿ ವಿಲ್ ಇನ್ನೊಂದು ಹೇಳಿದರೆ ನಾಲ್ವರಲ್ಲ, ಎಷ್ಟು ಜನ ಇದ್ದರೂ ಅಷ್ಟೇ.

ತಮ್ಮ ಹೋದ ದಾರಿ

ಇದನ್ನೆಲ್ಲ ಹತ್ತಿರದಿಂದ ನೋಡುತ್ತಿದ್ದವರು ಮೇಷ್ಟ್ರ ತಮ್ಮ. ಅದೇ 1985ರ ವಿಭಾಗದಲ್ಲಿ ಬಂದ ಪಕ್ಕದ ತೋಟ ಅವರದ್ದು. ಅವರಿಗೂ ಮೂವರು ಮಕ್ಕಳು. ಅವರು ತುಮಕೂರಿನ ಒಬ್ಬ ವಕೀಲರ ಹತ್ತಿರ ಹೋದರು, ಜೊತೆಗೆ ಮಗನೂ ಹೋದ. ವಕೀಲರು ಮೊದಲು ಮಾಡಿದ ಕೆಲಸ ಮಗನಿಗೆ "ನೀವು ಸ್ವಲ್ಪ ಹೊರಗೆ ಕೂತಿರಿ" ಅಂದದ್ದು.

"ಯಜಮಾನ್ರೇ, ಈ ತೋಟ ನಿಮಗೆ ಹೆಂಗೆ ಬಂತು?"

"ಹೆಂಗೆ ಬರೋದು ಸಾರ್, ನಮ್ಮಪ್ಪನ ಕಾಲದ್ದು."

"ಅಪ್ಪಂಗೆ?"

"ಅವರಪ್ಪನಿಂದ."

"ಹಂಗಾದ್ರೆ ವಿಲ್ ಆಮೇಲೆ ಬರೆಯೋಣ. ಮೊದಲು ವಿಭಾಗ ಪತ್ರ ತನ್ನಿ. ಪಹಣಿ, ಇ.ಸಿ, ಪಾಸ್‌ಬುಕ್ಕು, ಎಲ್‌ಐಸಿ ಬಾಂಡು, ಎಲ್ಲಾ ತನ್ನಿ. ಯಾವುದಕ್ಕೆ ಯಾರು ನಾಮಿನಿ ಅಂತ ಬರ್ಕೊಂಡು ಬನ್ನಿ. ಮಗಳು ಇದ್ದಾಳಾ?"

"ಇಬ್ರು ಇದ್ದಾರೆ ಸಾರ್. ಇಬ್ರಿಗೂ ಮದುವೆ ಆಗಿದೆ."

"ಆಗಿರಲಿ. ಅವರ ಪಾಲು ಅವರಿಗೆ ಇದ್ದೇ ಇದೆ. ನಿಮ್ಮ ಪಾಲು ಯಾರಿಗೆ ಅನ್ನೋದು ಮಾತ್ರ ನಿಮ್ಮ ಇಷ್ಟ."

ಮೇಷ್ಟ್ರ ಮನೆಯ ದಾವೆಯಲ್ಲಿ ವರ್ಷಗಟ್ಟಲೆ ವಾದವಾದ ವಿಷಯ ಇಲ್ಲಿ ಟೀ ಬರುವಷ್ಟರಲ್ಲಿ ಮುಗಿಯಿತು. ವಕೀಲರಿಗೆ ಕೊಡುವ ದುಡ್ಡು ಈ ಪ್ರಶ್ನೆಗಳಿಗೆ ಅಂತ ನನ್ನ ಅಭಿಪ್ರಾಯ. ಪತ್ರ ಬರೆಯುವುದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರಹಗಾರರು ಬೇಕಾದಷ್ಟು ಜನ ಇದ್ದಾರೆ. ನೀವು ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದುಕೊಡುತ್ತಾರೆ. ನೀವು ಹೇಳದೆ ಬಿಟ್ಟದ್ದನ್ನು ಕೇಳುವುದಿಲ್ಲ. ಕೇಳದ ವಕೀಲರೂ ಇದ್ದಾರೆ, ಅಂಥವರಿಗೆ ದುಡ್ಡು ಕೊಟ್ಟರೆ ಮೇಷ್ಟ್ರ ಹಾಳೆಯೇ ಲೆಟರ್‌ಹೆಡ್ ಮೇಲೆ ಬರುತ್ತದೆ ಅಷ್ಟೇ.

ತಮ್ಮನಿಗೆ ತೋಟವನ್ನು ಮಗನಿಗೆ ದಾನಪತ್ರ ಮಾಡಿಬಿಡುವ ಆಸೆ ಇತ್ತು. ವಕೀಲರು ಬೇಡ ಅಂದರು. ಒಂದು, ಎಲ್ಲವೂ ಅವರದ್ದಲ್ಲ. ಎರಡು, ಕೊಟ್ಟ ಮೇಲೆ ಮಗ ನೋಡಿಕೊಳ್ಳದಿದ್ದರೆ? 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಡಿ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಿ ದಾನಪತ್ರ ರದ್ದು ಮಾಡಿಸಬಹುದು. ಆದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಇದ್ದರೆ ದಾರಿ ಸುಲಭ, ಇಲ್ಲದಿದ್ದರೆ ಮತ್ತೆ ವಾದ. ಕೊನೆಗೆ ಮಕ್ಕಳನ್ನೆಲ್ಲ ಕೂರಿಸಿ ನೋಂದಾಯಿತ ವಿಭಾಗ ಪತ್ರ ಆಯಿತು. ತಮ್ಮ ಪಾಲನ್ನು ಮಾತ್ರ ಅವರು ಹೆಂಡತಿಗೆ ವಿಲ್ ಬರೆದರು. ಸಾಕ್ಷಿಗಳು ಇಬ್ಬರೂ ಅವರಿಗಿಂತ ಚಿಕ್ಕ ವಯಸ್ಸಿನವರು, ಆಸ್ತಿಗೆ ಸಂಬಂಧವಿಲ್ಲದವರು. ಒಬ್ಬರು ಅವರನ್ನು ನೋಡುತ್ತಿದ್ದ ಡಾಕ್ಟರ್. ಬುದ್ಧಿ ಸರಿಯಿರಲಿಲ್ಲ ಅಂತ ನಾಳೆ ಯಾರೂ ಹೇಳದಿರಲಿ ಅಂತ. ನೋಂದಣಿಯನ್ನೂ ಮಾಡಿಸಿದರು.

ಎಲ್ಲರಿಗೂ ಇಷ್ಟೆಲ್ಲ ಬೇಕಾ? ಬೇಡ. ಒಂದೇ ಫ್ಲಾಟು, ಅದೂ ಸ್ವಂತ ಸಂಪಾದನೆ, ಒಬ್ಬಳೇ ಮಗಳು. ಇಂಥವರು ಸರಳವಾದ ವಿಲ್ ಬರೆದು ಇಬ್ಬರು ಸಾಕ್ಷಿ ಹಾಕಿಸಿದರೆ ಸಾಕಾಗಬಹುದು. ಆದರೆ ಪಿತ್ರಾರ್ಜಿತ ಜಮೀನು, ಹೊರದೇಶದಲ್ಲಿರುವ ಮಗ, ಎರಡನೇ ಮದುವೆ, ಯಾರಿಗಾದರೂ ಕಡಿಮೆ ಕೊಡುವ ಆಸೆ, ಇವುಗಳಲ್ಲಿ ಒಂದಿದ್ದರೂ ಪೆನ್ನು ಕೆಳಗಿಡುವುದು ವಾಸಿ. ಕಾನೂನು ಗೊತ್ತಿದೆ ಅನ್ನುವವರಿಗೂ ಈ ಮಾತು ಅನ್ವಯಿಸುತ್ತದೆ. ವಾರೆನ್ ಬರ್ಗರ್ 1969ರಿಂದ 1986ರವರೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. 1995ರಲ್ಲಿ ತೀರಿಕೊಂಡಾಗ ಸಿಕ್ಕಿದ್ದು ಅವರೇ ಟೈಪ್ ಮಾಡಿದ್ದ 176 ಪದಗಳ ಒಂದು ಪುಟದ ವಿಲ್. ಆಸ್ತಿ ಮಾರುವ ಅಧಿಕಾರವನ್ನು ವಿಲ್ ಜಾರಿ ಮಾಡುವ ನಿರ್ವಾಹಕರಿಗೆ ಕೊಟ್ಟಿರಲಿಲ್ಲ, ತೆರಿಗೆಯ ಬಗ್ಗೆ ಮಾತೇ ಇರಲಿಲ್ಲ. ಅಲ್ಲಿ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆಯೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ಅಂಥ ತೆರಿಗೆ, ಎಸ್ಟೇಟ್ ಡ್ಯೂಟಿ, 1985ರಲ್ಲೇ ರದ್ದಾಯಿತು, ಹಾಗಾಗಿ ನಮ್ಮ ತಲೆನೋವೆಲ್ಲ ಪಾಲಿನದ್ದು.

ಈಗ ಎಲ್ಲಿಗೆ ಬಂದಿದೆ

ಮಗಳ ದಾವೆಯನ್ನು ನ್ಯಾಯಾಧೀಶರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅಮ್ಮ ಮೊದಲ ಸಲ ಬಾಯಿ ಬಿಟ್ಟರು. "ನಾನಿನ್ನೂ ಇದೀನಿ ಕಣ್ರೋ, ನನ್ನ ಮುಂದೇನೇ ಭಾಗ ಮಾಡ್ಕೊಳ್ಳಿ." ರಾಜಿ ಪತ್ರ ಆಯಿತು. ತೋಟದಲ್ಲಿ ಮಗಳಿಗೆ ಇಪ್ಪತ್ತೈದು ಗುಂಟೆ, ಚಿಕ್ಕವನಿಗೆ ಇಪ್ಪತ್ತೈದು, ಉಳಿದ ಐವತ್ತು ದೊಡ್ಡವನಿಗೆ. ವಿಲ್ ಬಗ್ಗೆ ಇನ್ನು ಯಾರೂ ತಕರಾರು ಎತ್ತುವಂತಿಲ್ಲ. ಕೆಳಗಿನ ಮನೆ ಪೂರ್ತಿಯಾಗಿ ಅಮ್ಮನ ಹೆಸರಿಗೆ, ಮೇಲಿನದು ಗಂಡುಮಕ್ಕಳಿಬ್ಬರಿಗೆ. ಮೆಟ್ಟಿಲು, ತಾರಸಿ, ಬೋರ್‌ವೆಲ್ ಎಲ್ಲರಿಗೂ ಅಂತ ಈ ಸಲ ಬರೆದರು.

ಚಿಕ್ಕವನು ನ್ಯೂಜೆರ್ಸಿಯಿಂದ ಪವರ್ ಆಫ್ ಅಟಾರ್ನಿ ಕಳಿಸಬೇಕಿತ್ತು. ಮೊದಲ ಸಲ ಬರೀ ನೋಟರಿ ಮಾಡಿಸಿ ಕಳಿಸಿದ. ಅಪೋಸ್ಟಿಲ್ ಮುದ್ರೆ, ಅಂದರೆ ಪತ್ರ ಅಸಲಿ ಅಂತ ಅಲ್ಲಿನ ಸರ್ಕಾರ ಒತ್ತುವ ಮುದ್ರೆ, ಇಲ್ಲ ಅಂತ ವಾಪಸ್ ಹೋಯಿತು. ಎರಡನೆಯದು ಸರಿಯಾಗಿ ಬಂತು, ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿ ಆಯಿತು. ತೋಟದ ಮ್ಯುಟೇಶನ್‌ಗೆ, ಅಂದರೆ ಪಹಣಿಯಲ್ಲಿ ಹೆಸರು ಬದಲಿಸುವುದಕ್ಕೆ, ಅರ್ಜಿ ಹಾಕಿದ್ದಾರೆ.

ಕೆಳಗಿನ ಮನೆ, ಬ್ಯಾಂಕಿನ ಹಣ, ತವರಿನಿಂದ ತಂದ ಒಡವೆ ಎಲ್ಲ ಈಗ ಅಮ್ಮನದ್ದು. ಅವರೂ ವಿಲ್ ಬರೆಯಬೇಕು ಅಂತಿದ್ದಾರೆ. ಮೈದುನ ಹೋದ ವಕೀಲರ ಹತ್ತಿರವೇ ಹೋಗುತ್ತಾರಂತೆ, ಮಕ್ಕಳು ಯಾರೂ ಜೊತೆಗೆ ಬರುವುದು ಬೇಡ ಅಂದಿದ್ದಾರೆ. ಒಡವೆಯ ಪಟ್ಟಿ ಅರ್ಧ ಆಗಿದೆ. ಡಾಕ್ಟರ್ ಸರ್ಟಿಫಿಕೇಟ್ ತರುವುದು ಬಾಕಿ.